ಒಂದರೊಳಗೆ ಹಲವು

2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಸಂಗೀತ, ದೂರವಾಣಿ, ಅಂತರಜಾಲ ಈ ಮೂರನ್ನೂ ಐಫೋನೆಂಬ ಒಂದೇ ಉಪಕರಣದಲ್ಲಿ ಅಡಕಮಾಡಿ ತೋರಿಸಿದರು. ಇಂದು ಗಡಿಯಾರ, ಕ್ಯಾಮೆರಾ, ಟಾರ್ಚು, ನಿಘಂಟು ಎಲ್ಲವೂ ಅಂಗೈಯಗಲದ ಮೊಬೈಲಿನೊಳಗೆ ಸೇರಿಕೊಂಡಿವೆ.

ಇದರಿಂದ ಅನುಕೂಲವಿಲ್ಲವೆನ್ನುವುದು ಹಟಮಾರಿತನವಾದೀತು. ಹತ್ತು ಸಾಧನಗಳನ್ನು ಕೊಳ್ಳಲಾರದ ವಿದ್ಯಾರ್ಥಿಗೆ ಈ ಒಂದೇ ಆಸರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟನ್ನು ದಿನವೂ ತರಗತಿಗೆ ಹೊತ್ತು ತರುವುದು ಯಾರಿಂದ ಸಾಧ್ಯ? ಈಗ ಅದು ಜೇಬಿನಲ್ಲಿಯೇ ಇದೆ.

ಆದರೆ ನಿಘಂಟನ್ನು ತೆರೆದವನು ನಿಘಂಟಿನಲ್ಲಿಯೇ ಉಳಿಯುವನೇ? ಪಂಪನ ಪದವೊಂದಕ್ಕೆ ಅರ್ಥ ಹುಡುಕಹೊರಟ ಹುಡುಗನಿಗೆ ನಡುವೆ ಗೆಳೆಯನ ಸಂದೇಶ ಎದುರಾಗುತ್ತದೆ; ಅದರ ಬೆನ್ನಿಗೇ ಕ್ರಿಕೆಟ್ಟಿನ ವಾರ್ತೆ. ಅವನು ಹಿಂದಿರುಗುವ ವೇಳೆಗೆ ಪದ್ಯದ ಅನ್ವಯ ಕಡಿದುಹೋಗಿರುತ್ತದೆ. ಹುಡುಗನೊಬ್ಬನನ್ನೇ ದೂರಲಾರೆ, ಪಾಠ ಹೇಳುವ ನನ್ನ ಪಾಡೂ ಇದೇ. ಅಚ್ಚಿನ ನಿಘಂಟೂ ದಾರಿ ತಪ್ಪಿಸುವುದುಂಟು, ನಿಜ; ಆದರೆ ಅದು ನಮ್ಮನ್ನು ಒಯ್ಯುವುದು ಮತ್ತೊಂದು ಪದದ ಬಳಿಗೆ.

ಆದುದರಿಂದ ಎಲ್ಲವೂ ಕೂಡಲಿ ಎಂಬುದಾಗಲಿ, ಎಲ್ಲವೂ ಬೇರೆಯಿರಲಿ ಎಂಬುದಾಗಲಿ ಸರಿಯಾದ ವಾದವಲ್ಲ. ಕ್ಷಣಮಾತ್ರ ಬೇಕಾಗುವ ಟಾರ್ಚು, ಗಡಿಯಾರ, ಲೆಕ್ಕದ ಯಂತ್ರಗಳು ಒಂದಾಗಲಿ. ಗಂಟೆಗಟ್ಟಲೆ ಮನಸ್ಸನ್ನು ಬೇಡುವ ಓದು ಮಾತ್ರ ಪ್ರತ್ಯೇಕವಾಗಿರಲಿ, ಅದು ಪುಸ್ತಕದಲ್ಲಾಗಲಿ, ಓದಿಗೆಂದೇ ಮಾಡಿದ ಕಿಂಡಲ್‌ನಂಥ ಸಾಧನದಲ್ಲಾಗಲಿ. ಎರಡನೆಯ ಸಾಧನವನ್ನು ಕೊಳ್ಳಲಾರದವರ ಹೊಣೆ ಕಾಲೇಜುಗಳದು. ಗ್ರಂಥಾಲಯದ ಮೇಜಿನ ಮೇಲೆ, ಬೀರುವಿನ ಬೀಗದ ಹೊರಗೆ, ನಿಘಂಟೊಂದು ಸದಾ ತೆರೆದಿರಲಿ. ಮೊಬೈಲನ್ನು ಚೀಲದಲ್ಲಿಟ್ಟು ಅದರ ಮುಂದೆ ಕುಳಿತ ಹುಡುಗ ಆ ಒಂದು ಗಂಟೆಯಾದರೂ ಪಂಪನೊಡನೆ ಇರುತ್ತಾನೆ.