ಇಪ್ಪತ್ತು ಸಾವಿರ ಚದರ ಮೀಟರಿನ ಈಚೆಗೆ ಉಳಿದ ಅಡುಗೆಕಟ್ಟೆ

ಕಟ್ಟಡಗಳ ನಿರ್ಮಾಣ ಹಾಗೂ ಕೆಡವುವಿಕೆಯಿಂದುಂಟಾಗುವ ತ್ಯಾಜ್ಯವನ್ನು ಕುರಿತು ಕೇಂದ್ರ ಸರ್ಕಾರವು 2025ರ ಏಪ್ರಿಲಿನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ವಿಧಿಸಿದ ನೂತನ ನಿಯಮಾವಳಿಯು ಬೆಂಗಳೂರಿನ ಭಗ್ನಾವಶೇಷಗಳಿಗೆಲ್ಲ ಸಿದ್ಧೌಷಧವೆಂಬಂತೆ ಬರೆಯುತ್ತಿರುವವರು, ಜಯನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಒಂದು ಬೆಳಗ್ಗೆ ನಡೆದುಬಂದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಖಾಲಿ ನಿವೇಶನಗಳು ವಿರಳವಾಗಿರುವ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಹಳೆಯ ಮನೆಯ ನವೀಕರಣವೇ ನಿತ್ಯದ ನೋಟ. ಆ ನವೀಕರಣ ಬಹುಮಟ್ಟಿಗೆ ಮೊದಲಾಗುವುದು ಅಡುಗೆಮನೆಯಿಂದ. ಅಲ್ಲಿ ಸುತ್ತಿಗೆಯ ಪ್ರಥಮ ಪೆಟ್ಟು ಬೀಳುವುದು, ಇನ್ನೂ ಎರಡು ತಲೆಮಾರು ನಿರಾಯಾಸವಾಗಿ ಬಾಳಬಲ್ಲ ಗ್ರಾನೈಟ್ ಕಟ್ಟೆಯ ಮೇಲೆ. ಆ ಕಲ್ಲನ್ನು ಕೀಳದೆ, ಇದ್ದಲ್ಲಿಯೇ ಸಾಣೆಹಿಡಿಸಿ ಉಳಿಸಿಕೊಳ್ಳುವುದೇ ಯುಕ್ತವಾದ ಮಾರ್ಗವೆಂಬುದು ನನ್ನ ನಿಶ್ಚಿತಾಭಿಪ್ರಾಯ. ಹೊಸ ನಿಯಮಾವಳಿಯ ದೃಷ್ಟಿಗೆ ಆ ಕಲ್ಲು ಬೀಳುವುದೇ ಇಲ್ಲವೆಂಬುದು ನನ್ನ ಆಕ್ಷೇಪ.

ಏಕೆ ಬೀಳುವುದಿಲ್ಲವೆಂಬುದನ್ನು ಒಂದೇ ಒಂದು ಸಂಖ್ಯೆ ಹೇಳಿಬಿಡುತ್ತದೆ. ಅದನ್ನೇ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯೆಂದು ಇಷ್ಟೊಂದು ಪ್ರಶಂಸೆಗೆ ಪಾತ್ರವಾದ ಆ ವಿಧಿ ಅನ್ವಯಿಸುವುದು 20,000 ಚದರ ಮೀಟರ್ ಅಥವಾ ಅದಕ್ಕೆ ಮೀರಿದ ನಿರ್ಮಿತ ವಿಸ್ತೀರ್ಣದ ಯೋಜನೆಗಳಿಗೆ. ಎಂದರೆ ಸುಮಾರು 2,15,000 ಚದರ ಅಡಿಗೆ. ಜಯನಗರದ ನಲವತ್ತು-ಅರವತ್ತರ ನಿವೇಶನವೊಂದರ ಅಳತೆ 2,400 ಚದರ ಅಡಿ. ಅಂತಹ ತೊಂಬತ್ತು ನಿವೇಶನಗಳನ್ನು ಒಟ್ಟುಗೂಡಿಸಿ ಮೂಲೆಯಿಂದ ಮೂಲೆಗೆ ಕಟ್ಟಿದರೆ ಮಾತ್ರ ಕಾನೂನಿನ ಕಣ್ಣು ತೆರೆಯುತ್ತದೆ. ಇದಕ್ಕೂ ಹಿಂದಿನ 2016ರ ನಿಯಮಗಳು ದೊಡ್ಡ ಉತ್ಪಾದಕನೆಂದು ಗಣಿಸಿದ್ದು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಯೋಜನೆಯೊಂದರಿಂದ 300 ಟನ್ ಮೀರಿದವನನ್ನು. ಎರಡು ಸೆಂಟಿಮೀಟರ್ ದಪ್ಪದ ಗ್ರಾನೈಟಿನ ತೂಕ ಚದರ ಅಡಿಗೆ ಸುಮಾರು ಐದು ಕಿಲೋ. ನಲವತ್ತು ಚದರ ಅಡಿಯ ಕಟ್ಟೆಯೆಂದರೆ ಇನ್ನೂರು ಕಿಲೋ. ಒಂದೇ ದಿನ ನೂರು ಅಡುಗೆಮನೆಗಳ ಕಲ್ಲನ್ನು ಒಬ್ಬನೇ ಕಿತ್ತರೂ ಆತ ಆ ಗಡಿಯನ್ನು ಮುಟ್ಟುವನೇ ಹೊರತು ದಾಟಲಾರ. ಹೀಗೆ ಬಿಡಿಬಿಡಿಯಾಗಿ ನಗಣ್ಯವೆನಿಸಿಕೊಂಡದ್ದು ಇಡಿಯಾಗಿ ಎಷ್ಟಾಯಿತೆಂದು ಕೇಳುವ ಹೊಣೆ ಯಾರದೂ ಅಲ್ಲವಾಗಿ, ಮೂಟೆಗಳಲ್ಲಿ ತುಂಬಿದ ಕಲ್ಲುಚೂರು ಟೆಂಪೋ ಏರಿ ಖಾಲಿ ನಿವೇಶನಗಳನ್ನೂ ಕೆರೆಯಂಚುಗಳನ್ನೂ ಸೇರುತ್ತದೆ. ದೈವಾನುಕೂಲದಿಂದ ಸಂಸ್ಕರಣ ಘಟಕವನ್ನೇ ತಲುಪಿತೆನ್ನಿ. ನಗರದ ಉತ್ತರದಂಚಿನ ಚಿಕ್ಕಜಾಲದವರೆಗೆ ಸಾಗಿಸಲ್ಪಟ್ಟ ಆ ಕಲ್ಲು ಅಲ್ಲಿ ಪುಡಿಯಾಗಿ ಜಲ್ಲಿಯೂ ಮರಳೂ ಆಗುತ್ತದೆ. ಜಿಗಣಿಯ ಕಾರ್ಖಾನೆಗಳಲ್ಲಿ ಇಷ್ಟು ವಿದ್ಯುತ್ತನ್ನೂ ನೀರನ್ನೂ ವ್ಯಯಿಸಿ ಕೊಯ್ದು ಮೆರುಗು ಕೊಟ್ಟ ಹಲಗೆಯನ್ನು ಜಲ್ಲಿಮಾಡುವುದು ಮರುಬಳಕೆಯೆಂಬ ಹೆಸರಿಗೆ ತಕ್ಕುದಲ್ಲ.

ಕಲ್ಲನ್ನು ಕೀಳಲು ಕೊಡುವ ಕಾರಣಗಳೋ ಬಹಳ ದುರ್ಬಲವಾದವು. ಹೊಳಪು ಹೋಯಿತು, ಅಂಚು ಮುಕ್ಕಾಯಿತು, ಸಿಂಕಿನ ಸುತ್ತ ಉಪ್ಪುನೀರಿನ ಬಿಳಿ ಕಟ್ಟಿತು, ಮಾಡ್ಯುಲರ್ ಕಿಚನ್ ಕೂರಿಸಲು ಹಳೆಯ ಕಟ್ಟೆ ಹೊಂದದು: ಇಷ್ಟೆ. ಕೆಲಸ ಬಲ್ಲ ಪಾಲಿಶ್‌ನವನು ಕೈಯಂತ್ರಕ್ಕೆ ನೀರಿನ ಕೊಳವೆ ಜೋಡಿಸಿಕೊಂಡು, 50ರ ಒರಟು ಡೈಮಂಡ್ ಪ್ಯಾಡಿನಿಂದ ಹಿಡಿದು 100, 200, 400, 800, 1500 ಎಂದು ಕ್ರಮವಾಗಿ 3000ದವರೆಗೆ ಏರುತ್ತ ಹೋದರೆ, ಬೂದುಬಣ್ಣದ ಕೆಸರಿನಡಿಯಿಂದ ಕಲ್ಲಿನ ಕಣಕಣವೂ ಮತ್ತೆ ಬೆಳಗುವುದನ್ನು ಕಣ್ಣಾರೆ ಕಾಣಬಹುದು. ನಡುವೆ ಒಂದು ಪ್ಯಾಡನ್ನು ಹಾರಿಸಿದನೋ, ಅದರ ಹಿಂದಿನ ಪ್ಯಾಡಿನ ಗೀರು ಕೊನೆಯವರೆಗೂ ಉಳಿಯುತ್ತದೆ. ಮನೆಯವರು ಗಮನಿಸತಕ್ಕದ್ದು ಇದನ್ನೇ. ಮುಕ್ಕಾದ ಅಂಚಿಗೆ ಅದೇ ಬಣ್ಣದ ಎಪಾಕ್ಸಿ ತುಂಬಿ ಮೋಲ್ಡಿಂಗನ್ನು ಮತ್ತೆ ತೀಡಬಹುದು. ಹಾಬ್ ಕೂರಿಸುವ ಕಂಡಿಯನ್ನೂ ಕಟ್ಟೆಯ ಮೇಲೆಯೇ ನೀರು ಬಿಟ್ಟು ಕೊಯ್ಯಬಹುದು. ಕೆಳಗಿನ ಕಡಪ ಕಲ್ಲಿನ ಅಡ್ಡಗೋಡೆಗಳ ನಡುವಣ ಅಳತೆಗೇ ಡ್ರಾಯರುಗಳನ್ನು ಮಾಡಿಸಬಹುದು. ಇದ್ದಲ್ಲಿಯೇ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು: ಸಿಮೆಂಟಿನಲ್ಲಿ ಬಿಗಿದು ಕೂತ ಹಲಗೆಯನ್ನು ಹಾರೆಯಿಂದ ಮೀಟಿದರೆ ಅದು ಸಿಂಕಿನ ಕಂಡಿಯ ಮೂಲೆಯಲ್ಲಿ ಸೀಳುವುದೇ ಹೆಚ್ಚು. ಕಟ್ಟೆಯ ಎತ್ತರ ನಿಜವಾಗಿಯೂ ಒಗ್ಗದವರು, ಹಲಗೆಯ ಆರಪಾರ ಬಿರುಕು ಬಿಟ್ಟವರು ಕೀಳಿಸಲಿ. ಆಗಲೂ ಉಳಿದ ತುಂಡು ಕಿಟಕಿಯಡಿಗೂ ಬಚ್ಚಲಿನ ಹೊಸ್ತಿಲಿಗೂ ಒದಗುತ್ತದೆ.

ಹಳೆಯ ಮನೆಗಳ ಕರಿಯ ಕಟ್ಟೆಯೆಲ್ಲ ಗ್ರಾನೈಟಲ್ಲ, ಕೆಲವು ಕಡಪ. ಮೂಲೆಯಲ್ಲೊಂದು ಕಡೆ ನಿಂಬೆರಸದ ಹನಿ ಬಿಟ್ಟು ನೋಡಿ, ಬೆಳ್ಳನೆಯ ಕಲೆ ಮೂಡಿದರೆ ಅದು ಸುಣ್ಣಕಲ್ಲಿನ ಜಾತಿ. ಅದಕ್ಕೆ ಕನ್ನಡಿಯ ಹೊಳಪು ಬೇಡ, ಮಂದವಾದ ನುಣುಪು ಸಾಕು.

ಕಿತ್ತ ಕಲ್ಲಿನ ಸ್ಥಾನಕ್ಕೆ ಬರುತ್ತಿರುವುದಾದರೂ ಏನು? ಕ್ವಾರ್ಟ್ಜ್ ಎಂದು ಮಾರುವ, ಸ್ಫಟಿಕಶಿಲೆಯ ಪುಡಿಯನ್ನು ರಾಳದಲ್ಲಿ ಒತ್ತಿ ಮಾಡಿದ ಕೃತಕ ಹಲಗೆ. ಗ್ರಾನೈಟಿನಲ್ಲೂ ಸಿಲಿಕಾ ಉಂಟು, ಆದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಈ ಕೃತಕ ಶಿಲೆಯಲ್ಲಿ ಅದು ನೂರಕ್ಕೆ ತೊಂಬತ್ತನ್ನೂ ಮೀರುವುದುಂಟು. ಅದನ್ನು ಕೊಯ್ಯುವಾಗಿನ ಧೂಳಿನಿಂದ ಯುವ ಕಾರ್ಮಿಕರ ಶ್ವಾಸಕೋಶ ಗುಣಪಡಿಸಲಾಗದ ಸಿಲಿಕೋಸಿಸ್‌ಗೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯ ದೇಶವು 2024ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಷೇಧಿಸಿತು. ಇಲ್ಲಿ ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಮುಖಕ್ಕೊಂದು ಟವೆಲ್ ಸುತ್ತಿಕೊಂಡು, ಒಣಗಲ್ಲನ್ನೇ ಕೊಯ್ಯುವ ಹುಡುಗನ ಪರವಾಗಿ ಮಾತನಾಡುವವರಾರು? ಗ್ರಾನೈಟನ್ನು ಸಾಣೆಹಿಡಿಯುವಾಗಲೂ ನೀರು ಬಿಡಲೇಬೇಕು, ಮಾಸ್ಕ್ ಕೊಡಲೇಬೇಕು. ಇದು ಮನೆಯೊಡೆಯನ ಹೊಣೆ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಪ್ರಾಯವೆಂದು ಫಲಕ ಹಾಕಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಯುವ ಊರಿದು. ಕಲ್ಲನ್ನು ಮತ್ತೆ ಮತ್ತೆ ಬಳಸುವ ಪದ್ಧತಿಯೂ ಇಲ್ಲಿಗೆ ಹೊಸದಲ್ಲ: ಬಸವನಗುಡಿ, ಜಯನಗರಗಳ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳನ್ನು ಹೂಳೆತ್ತುವಾಗ ಹಾರೆಯಿಂದ ಸರಿಸಿ, ಕೆಲಸ ಮುಗಿದ ಮೇಲೆ ಅವನ್ನೇ ಮುಚ್ಚುತ್ತಿದ್ದರು. ಯಾವ ಅಧಿಸೂಚನೆಯೂ ಇಲ್ಲದೆ ನಡೆದುಬಂದ ಈ ಪೂರ್ವನಿದರ್ಶನ ನಮ್ಮ ನೀತಿಕಾರರಿಗೆ ನೆನಪಾಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ರೂಪುಗೊಂಡ ದಕ್ಷಿಣ ನಗರ ಪಾಲಿಕೆಯು ಚಿಕ್ಕ ನವೀಕರಣಗಳ ಭಗ್ನಾವಶೇಷವನ್ನು ಸ್ವೀಕರಿಸುವಾಗ ಇಡಿಯ ಹಲಗೆಗೆ ಒಂದು ದರ, ಚೂರಿಗೆ ಅದಕ್ಕಿಂತ ಹೆಚ್ಚಿನ ದರವೆಂದು ನಿಗದಿಮಾಡಲಿ. ಒಡೆಯದೆ ಬಂದ ಕಲ್ಲನ್ನು ಒರಗಿಸಿಡಲು ಪ್ರತಿ ವಾರ್ಡಿನಲ್ಲಿ ಒಂದು ಗೋಡೆಯುದ್ದದ ಜಾಗ ಕೊಟ್ಟು, ತನ್ನದೇ ಉದ್ಯಾನಗಳ ಕಲ್ಲುಬೆಂಚಿಗೂ ಶೌಚಾಲಯಗಳ ಕಟ್ಟೆಗೂ ಮೊದಲು ಅಲ್ಲಿಂದಲೇ ಕಲ್ಲು ತೆಗೆದುಕೊಳ್ಳತಕ್ಕದ್ದೆಂದು ತನ್ನ ಗುತ್ತಿಗೆಯ ಷರತ್ತಿನಲ್ಲಿ ಬರೆಯಲಿ.