ಗೆರೆ ಎಳೆದು ಮರೆತವರು

ಆಸ್ತಿಯುಳ್ಳವರ ಪರವಾಗಿ ಸರಕಾರದ ವಿರುದ್ಧ ವಾದಿಸತಕ್ಕ ವಕೀಲನ ವಿಷಯದಲ್ಲಿ ನಮ್ಮ ಊರಿನ ಸಜ್ಜನರಿಗೆ ಎಂದಿನಿಂದಲೂ ಒಂದು ಬಗೆಯ ಅನುಮಾನವುಂಟು. ಬಡವನ ವಕಾಲತ್ತು ಹಿಡಿದವನನ್ನು ಧರ್ಮಿಷ್ಠನೆಂದು ಹೊಗಳುವ, ಕೊಲೆಯ ಆಪಾದಿತನ ವಕಾಲತ್ತು ಹಿಡಿದವನನ್ನು ಸಹ ವೃತ್ತಿಧರ್ಮವನ್ನು ಪಾಲಿಸಿದವನೆಂದು ಒಪ್ಪಿಕೊಳ್ಳುವ ಲೋಕವು, ರಸ್ತೆಗೋ ಮೆಟ್ರೋ ಹಳಿಗೋ ಬೇಕಾದ ನಿವೇಶನದ ಒಡೆಯನಿಗಾಗಿ ರಿಟ್ ಅರ್ಜಿ ಹಾಕಿದವನನ್ನು ಮಾತ್ರ ಊರಿನ ಏಳಿಗೆಗೆ ಅಡ್ಡಗಾಲು ಹಾಕುವವನೆಂದೇ ಕಾಣುತ್ತದೆ. ಈ ಅನುಮಾನ ಪೂರ್ತಿಯಾಗಿ ನಿರಾಧಾರವಾದುದಲ್ಲ. ಆ ಮಾತನ್ನು ಮುಂದೆ ಆಡುವೆನು. ಆದರೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಮನೆಯೊಡೆಯನು ಇಂದು ವಕೀಲನ ಮೆಟ್ಟಿಲು ಹತ್ತುತ್ತಿರುವುದು ಬಹುಮಟ್ಟಿಗೆ ತನ್ನ ನೆಲ ಹೋಯಿತೆಂಬ ದುಃಖದಿಂದಲ್ಲ. ನೆಲ ಬೇಕೆಂದು ನಕ್ಷೆಯಲ್ಲಿ ಗೆರೆ ಎಳೆದವರು ಅದನ್ನು ಕೊಳ್ಳದೆ, ಬೇಡವೆಂದು ಬಿಡದೆ, ವರ್ಷಾನುವರ್ಷ ಸುಮ್ಮನಿದ್ದುಬಿಟ್ಟರೆಂಬ ಸಂಕಟದಿಂದ.

ಈ ಬಡಾವಣೆಗಳ ಹುಟ್ಟನ್ನು ನೆನೆದರೆ ಇದರಲ್ಲಿ ಒಂದು ವಿಪರ್ಯಾಸ ತೋರುತ್ತದೆ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ಮಾರಿ ಹಳೆಯ ಪೇಟೆಯ ಇಕ್ಕಟ್ಟಿನ ಕೇರಿಗಳಿಗೆ ನುಗ್ಗಿದ ಮೇಲೆ ಬಸವನಗುಡಿಯೂ ಮಲ್ಲೇಶ್ವರವೂ ಜನರಿಂದ ತುಂಬಿಕೊಂಡವು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡುವುದಕ್ಕಾಗಿ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಉದ್ಯಾನಕ್ಕೆಂದು ತೆಗೆದಿರಿಸಿದ ಚೌಕಗಳು, ಇವೆಲ್ಲವೂ ಯಾರೋ ಕುಳಿತು ಯೋಚಿಸಿ ಎಳೆದ ಗೆರೆಗಳ ಫಲವೇ ಆಗಿವೆ. ಸುಂಕೇನಹಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದ ಸೀಮೆಯಲ್ಲಿ ಬಸವನಗುಡಿಯ ಬಂಗಲೆಗಳು ನಿಂತಿವೆ. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ತನ್ನದೇ ಆದ ಭೂಸ್ವಾಧೀನ ಕಾಯಿದೆಯನ್ನು ಮಾಡಿಕೊಂಡಿದ್ದಿತು. ಸಾರ್ವಜನಿಕ ಉದ್ದೇಶವೆಂಬ ಮಾತನ್ನು ಕೇಳಿದೊಡನೆ ಬೆಚ್ಚುವ ನಾವು, ಆ ಮಾತಿನ ಬಲದಿಂದಲೇ ಗಾಳಿಬೆಳಕಿನ ಬೀದಿಗಳನ್ನು ಪಡೆದವರ ಮೊಮ್ಮಕ್ಕಳು. ಆದಕಾರಣ ನಗರಕ್ಕೆ ನೆಲ ಬೇಕೇ ಬೇಡವೇ ಎಂಬ ಚರ್ಚೆ ನನ್ನದಲ್ಲ. ಬೇಕು. ತೆಗೆದುಕೊಳ್ಳುವ ಕ್ರಮವೇನು, ಕಾಲವೇನು, ಬೆಲೆಯೇನು ಎಂಬುದಷ್ಟೇ ಪ್ರಶ್ನೆ. ಆಸ್ತಿ ವಕೀಲನ ಕಸುಬೆಂದರೆ ಈ ಮೂರು ಪ್ರಶ್ನೆಗಳನ್ನು ಬಿಡದೆ ಕೇಳುವುದು.

ಕೇಳುವುದಕ್ಕೆ ಅವನಿಗಿರುವ ಆಧಾರವೂ ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲ. 1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಿಂದ ಇಳಿದು, 300-ಎ ಎಂಬ ಒಂದೇ ಸಾಲಿನ ವಿಧಿಯಲ್ಲಿ ಆಶ್ರಯ ಪಡೆಯಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ತೆಗೆಯಕೂಡದೆಂದು ಹೇಳುವ ಆ ವಿಧಿಯಲ್ಲಿ ಪರಿಹಾರವೆಂಬ ಶಬ್ದವೇ ಇಲ್ಲ. ಅದು ಇಲ್ಲದಿದ್ದರೂ ಅದರ ಅರ್ಥದೊಳಗೆ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2011ರಲ್ಲಿ ಹೇಳಿದ್ದು ನಮ್ಮ ಬೆಂಗಳೂರಿನ ಮೊಕದ್ದಮೆಯಲ್ಲಿಯೇ ಎಂಬುದು ಅನೇಕರಿಗೆ ಮರೆತಿರಬಹುದು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿಗಳು ಬಿಟ್ಟುಹೋದ ತೋಟವನ್ನು ರಾಜ್ಯವು 1996ರ ವಿಶೇಷ ಶಾಸನದಿಂದ ವಶಪಡಿಸಿಕೊಂಡಾಗ, ಅದರ ಒಂದು ಭಾಗ ತನ್ನದೆಂದ ಕಂಪನಿಯೊಂದು ದೆಹಲಿಯವರೆಗೂ ಹೋಯಿತು. ಕಂಪನಿ ಸೋತಿತು, ಶಾಸನ ಊರ್ಜಿತವಾಯಿತು. ಆದರೆ ಸಾರ್ವಜನಿಕ ಉದ್ದೇಶವೂ ಪರಿಹಾರವೂ 300-ಎ ವಿಧಿಯ ಒಳಗೇ ಇರುವುವೆಂಬ ಮಾತು ಆ ತೀರ್ಪಿನಲ್ಲಿ ದಾಖಲಾಯಿತು. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಮಹಾನಗರಪಾಲಿಕೆಯ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಈ ವಿಧಿಯೊಳಗೆ ಏಳು ಉಪಹಕ್ಕುಗಳನ್ನು ಗುರುತಿಸಿತು: ತಿಳಿವಳಿಕೆ ಪತ್ರ ಪಡೆಯುವುದು, ಆಕ್ಷೇಪಣೆ ಹೇಳುವುದು, ಕಾರಣಸಹಿತವಾದ ನಿರ್ಣಯ ಪಡೆಯುವುದು, ಉದ್ದೇಶ ಸಾರ್ವಜನಿಕವೇ ಆಗಿರುವುದು, ನ್ಯಾಯವಾದ ಪರಿಹಾರ ದೊರೆಯುವುದು, ನಡೆವಳಿ ವಿಳಂಬವಿಲ್ಲದೆ ಸಾಗುವುದು, ಕಡೆಗೆ ಅದು ಮುಕ್ತಾಯಗೊಳ್ಳುವುದು. ಈ ಕಡೆಯ ಎರಡರ ಮೇಲೆ ಓದುಗರ ಗಮನ ನಿಲ್ಲಲೆಂದು ಬೇಡುತ್ತೇನೆ.

ಚಾಮರಾಜಪೇಟೆಯ ವಕೀಲ ಮಿತ್ರರೊಬ್ಬರು ತಮ್ಮ ಕೊಠಡಿಯಲ್ಲಿ ನನಗೊಂದು ಕಡತ ತೋರಿಸಿದರು. ಹಳೆಯ ಛಾಪಾ ಕಾಗದದ ಮೇಲಣ ಕ್ರಯಪತ್ರ, ಮಡಿಕೆಯ ಜಾಗದಲ್ಲಿ ಹರಿದು ಅಂಟಿಸಿದ್ದು, ಕಂದಾಯದ ರಸೀತಿಗಳ ಒಂದು ಕಟ್ಟು, ಖಾತೆಯ ನಕಲು, ನಿವೇಶನದ ನಕ್ಷೆ. ನಕ್ಷೆಯಲ್ಲಿ ಕೆಂಪು ಪೆನ್ಸಿಲಿನ ಒಂದು ಗೆರೆ ಕಾಂಪೌಂಡನ್ನು ದಾಟಿ, ತುಳಸಿಕಟ್ಟೆಯನ್ನು ಹಾದು, ಮುಂದಿನ ಪಡಸಾಲೆಯ ಅರ್ಧದಲ್ಲಿ ನಿಂತಿತ್ತು. ಎಲ್ಲಕ್ಕೂ ಮೇಲೆ, ಕಚೇರಿಯೊಂದರ ಮೂರು ಸಾಲಿನ ಹಿಂಬರಹ: ಸದರಿ ಸ್ವತ್ತು ಉದ್ದೇಶಿತ ರಸ್ತೆ ಅಗಲೀಕರಣಕ್ಕೆ ಒಳಪಡುವುದರಿಂದ ನಕ್ಷೆ ಮಂಜೂರಾತಿಯ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ. ಅಧಿಸೂಚನೆಯಿಲ್ಲ, ಐತೀರ್ಪಿಲ್ಲ, ಹಣವಿಲ್ಲ. ಸೋರುವ ಮಾಡನ್ನು ತೆಗೆದು ಮೇಲೊಂದು ಅಂತಸ್ತು ಕಟ್ಟಿ ಮಗನ ಸಂಸಾರವನ್ನು ಕೂರಿಸಬೇಕೆಂದಿದ್ದ ವೃದ್ಧರಿಗೆ ಬ್ಯಾಂಕಿನವರೂ ಸಾಲ ಕೊಡರು, ಕೊಳ್ಳುವವರೂ ಬೆಲೆ ಕಟ್ಟರು. ಮಿತ್ರರು ಕಡತದ ದಾರ ಬಿಗಿಯುತ್ತ, “ನೋಡಿ ಸ್ವಾಮಿ, ತೊಗೊಂಡಿದ್ರೆ ನಾನು ಬೆಲೆ ಜಾಸ್ತಿ ಮಾಡಿ ಅಂತ ಕೇಳ್ತಿದ್ದೆ, ಬೇಡ ಅಂದಿದ್ರೆ ಇವರು ಮನೆ ಕಟ್ಕೊಂಡಿರ್ತಿದ್ರು. ಎರಡೂ ಇಲ್ಲ ಅಂದ್ರೆ ನಾನು ಕೋರ್ಟಿಗೆ ಏನಂತ ಹೋಗಲಿ?” ಎಂದರು. ಹೋಗುವುದನ್ನೇನೂ ಅವರು ಬಿಟ್ಟಿರಲಿಲ್ಲ.

ಹೋಗುವುದಕ್ಕೆ ದಾರಿಯನ್ನು ನಮ್ಮ ಶಾಸನವೇ ಇಟ್ಟಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 69ನೆಯ ಪ್ರಕರಣವು, ಮಹಾಯೋಜನೆಯಲ್ಲಿ ಇಂಥ ಉದ್ದೇಶಕ್ಕೆಂದು ಗೊತ್ತುಪಡಿಸಿದ ನೆಲವನ್ನು ರಾಜ್ಯಪತ್ರದಲ್ಲಿ ಯೋಜನೆ ಪ್ರಕಟವಾದ 5 ವರ್ಷಗಳೊಳಗೆ ಒಪ್ಪಂದದಿಂದ ಕೊಳ್ಳದೆ, ಸ್ವಾಧೀನದ ನಡೆವಳಿಯನ್ನೂ ಆರಂಭಿಸದೆ ಹೋದರೆ, ಆ ಗೊತ್ತುಪಾಡು ತಾನಾಗಿಯೇ ಬಿದ್ದುಹೋದಂತೆ ಎಣಿಸತಕ್ಕದ್ದೆಂದು ವಿಧಿಸುತ್ತದೆ. ಖಾಸಗಿ ನೆಲದ ಮೇಲೆ ಉದ್ಯಾನವೆಂದು ಹಸಿರು ಬಳಿದು ಕೈಬಿಟ್ಟ ಪ್ರಸಂಗಗಳಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಆಧರಿಸಿ ಒಡೆಯರಿಗೆ ಅನುಕೂಲವಾಗಿ ಹಲವು ಸಲ ತೀರ್ಪು ಕೊಟ್ಟಿದೆ. ಬೆಂಗಳೂರನ್ನು ಈಗಲೂ ಆಳುತ್ತಿರುವುದು 2007ರಲ್ಲಿ ಅಂಗೀಕೃತವಾದ, 2015ರವರೆಗಿನ ಬೆಳವಣಿಗೆಗೆಂದು ರಚಿತವಾದ ಪರಿಷ್ಕೃತ ಮಹಾಯೋಜನೆ. 2031ರ ಯೋಜನೆಯ ಕರಡು 2017ರ ನವೆಂಬರಿನಲ್ಲಿ ಹೊರಬಂದು, ಸಾವಿರಾರು ಜನರಿಂದ ಆಕ್ಷೇಪಣೆ ಹೊತ್ತು, 2020ರಲ್ಲಿ ಸರಕಾರದಿಂದಲೇ ಹಿಂದೆ ಸರಿಯಿತು. 2007ಕ್ಕೆ ಐದನ್ನು ಕೂಡಿಸುವುದಕ್ಕೆ ಯಾವ ಕಾನೂನಿನ ಪದವಿಯೂ ಬೇಕಿಲ್ಲ. ಹೀಗಿದ್ದೂ ನಕ್ಷೆಯ ಬಣ್ಣ ಅಳಿಯುವುದಿಲ್ಲ. ಗುಮಾಸ್ತನು ನೋಡುವುದು ಬಣ್ಣವನ್ನೇ ಹೊರತು ಪ್ರಕರಣವನ್ನಲ್ಲ. ಶಾಸನವು ತಾನಾಗಿ ಆಗುವುದೆಂದು ಹೇಳಿದ ಸಂಗತಿಯನ್ನು ಆಯಿತೆಂದು ಹೇಳಿಸಿಕೊಳ್ಳುವುದಕ್ಕಾಗಿ ಒಬ್ಬೊಬ್ಬ ನಾಗರಿಕನೂ ಪ್ರತ್ಯೇಕವಾಗಿ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ಕೆಂಪು ಕಟ್ಟಡಕ್ಕೆ ಫೀಜು ತೆತ್ತು ಹೋಗಬೇಕು.

ನಗರಸಭೆಗಳಿಗೆ ಹಣವಿಲ್ಲ, ಬೆಲೆಗಳು ಗಗನಕ್ಕೇರಿವೆ, ಗೆರೆಯನ್ನೂ ಅಳಿಸಿಬಿಟ್ಟರೆ ಮುಂದೆ ರಸ್ತೆಗೆ ಎಡೆಯೇ ಸಿಕ್ಕದು ಎಂದು ಅಧಿಕಾರಿಗಳು ಹೇಳುವ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹಣವಿಲ್ಲದವನು ಪರರ ವಸ್ತುವನ್ನು ತನ್ನದೆಂದು ಕಾದಿರಿಸಿಕೊಳ್ಳುವ ಅವಧಿಗೆ ಒಂದು ಮಿತಿ ಬೇಡವೇ? ಹಣಕ್ಕೆ ಬದಲಾಗಿ ಟಿಡಿಆರ್ ಎಂಬ ಅಭಿವೃದ್ಧಿ ಹಕ್ಕಿನ ಪತ್ರವನ್ನು ಕೊಡುವ ಏರ್ಪಾಡು ಇದೇ ಕಾಯಿದೆಯ 14-ಬಿ ಪ್ರಕರಣದಲ್ಲಿದೆ. ಸಾಮಾನ್ಯ ಮನೆಯವರಿಗೆ ಅದು ಹಣಕ್ಕೆ ಸಮಾನವೆಂದು ಬೋಧಿಸುತ್ತಿದ್ದ ಸರಕಾರವು, ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ಅಗಲೀಕರಣದ ಸಲುವಾಗಿ ಬೆಂಗಳೂರು ಅರಮನೆಯ ಸುಮಾರು 15 ಎಕರೆ ನೆಲಕ್ಕೆ ಕೊಡಬೇಕಾದ ಟಿಡಿಆರ್ 3,000 ಕೋಟಿ ರೂಪಾಯಿಯನ್ನು ಮೀರುವುದೆಂದು ಕಂಡುಬಂದಾಗ, 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆಹೊಕ್ಕಿತು. ಪತ್ರದ ಬೆಲೆ ಸರಕಾರಕ್ಕೂ ಚೆನ್ನಾಗಿ ತಿಳಿದಿದೆಯೆಂಬುದು ಅಂದು ಸಿದ್ಧವಾಯಿತು.

ಮನಸ್ಸಿದ್ದಲ್ಲಿ ಕೆಲಸವಾಗುತ್ತದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಮೆಟ್ರೋಗೆ ಬೇಕಾದ ನೆಲವನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮುಖಾಂತರ 1966ರ ಕಾಯಿದೆಯಡಿ ಪಡೆಯಲಾಯಿತು. ಅದರಲ್ಲಿ ಕಣ್ಣೀರಿಗೂ ವ್ಯಾಜ್ಯಕ್ಕೂ ಕೊರತೆಯಿರಲಿಲ್ಲ. ಕೈಗಾರಿಕೆಗೆಂದು ಮಾಡಿದ ಕಾಯಿದೆಯನ್ನು ರೈಲಿಗೆ ಹೂಡುವುದು ಯುಕ್ತವೇ ಎಂಬ ಶಂಕೆ ನನಗೂ ಉಂಟು. ಆದರೂ ಅಲ್ಲಿ ಅಧಿಸೂಚನೆ ಹೊರಟಿತು, ಬೆಲೆ ಗೊತ್ತಾಯಿತು, 2014ರಲ್ಲಿ ಸಂಪಿಗೆ ರಸ್ತೆಗೂ 2017ರಲ್ಲಿ ನ್ಯಾಷನಲ್ ಕಾಲೇಜಿಗೂ ಗಾಡಿ ಬಂದಿತು. ಇದಕ್ಕೆ ಪ್ರತಿಯಾಗಿ, ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿಗೆಂದು 2003ರಲ್ಲಿ ಅದೇ ಮಂಡಳಿಯು ಅಧಿಸೂಚಿಸಿ 2005ರಲ್ಲಿ ವಶಕ್ಕೆ ತೆಗೆದುಕೊಂಡ ನಿವೇಶನಗಳ ಒಡೆಯರಿಗೆ ಐತೀರ್ಪು ದೊರೆತದ್ದು 2019ರಲ್ಲಿ, ಅದೂ 2011ರ ಮಾರ್ಗಸೂಚಿ ಬೆಲೆಯಲ್ಲಿ. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠವು 2025ರ ಜನವರಿ 2ರಂದು, ಸರಕಾರದ ಆಲಸ್ಯದ ನಷ್ಟವನ್ನು ಒಡೆಯನು ಹೊರಬೇಕಾಗಿಲ್ಲವೆಂದು, 2019ರ ಏಪ್ರಿಲಿನ ಮಾರುಕಟ್ಟೆ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯುವಂತೆ ಆದೇಶಿಸಿತು. ನಿವೇಶನ ಹೋಗಿ ಆಗ ಹತ್ತೊಂಬತ್ತು ವರ್ಷಗಳು ಕಳೆದಿದ್ದುವು.

ಇನ್ನು ಮೊದಲು ಹೇಳಿದ ಅನುಮಾನದ ಮಾತು. ಆಸ್ತಿ ವಕೀಲನ ಬಳಿಗೆ ಬರತಕ್ಕ ಕಕ್ಷಿಗಾರರೆಲ್ಲರೂ ತುಳಸಿಕಟ್ಟೆಯನ್ನು ಉಳಿಸಿಕೊಳ್ಳಲು ಬಂದವರಲ್ಲ. ವಾಸದ ವಲಯದ ಮನೆಯನ್ನು ಕೆಡವಿ ವಾಣಿಜ್ಯ ಮಳಿಗೆ ಎಬ್ಬಿಸಬೇಕೆಂದೋ, ಪಿ.ಜಿ. ನಡೆಸಬೇಕೆಂದೋ, ನೆಲಮಾಳಿಗೆಯ ವಾಹನ ನಿಲ್ದಾಣವನ್ನು ಅಂಗಡಿಯಾಗಿಸಬೇಕೆಂದೋ ಬರುವವರೂ ಅಷ್ಟೇ ಸಂಖ್ಯೆಯಲ್ಲಿರುವರು. ಅಲ್ಲಿ ಎದುರಾಳಿ ಕಾಗದದ ಮೇಲೆ ಸರಕಾರವಾದರೂ, ನಿಜಕ್ಕೂ ನೆರೆಮನೆಯವನು. ಯೋಜನಾ ಕಾಯಿದೆಯ 14-ಎ ಪ್ರಕರಣದಂತೆ ಭೂ ಉಪಯೋಗ ಬದಲಾವಣೆಗೆ ಮುನ್ನ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ 15 ದಿನಗಳಿಗೆ ಕಡಮೆಯಿಲ್ಲದ ಅವಕಾಶ ಕೊಡಬೇಕು. ಆ ಪ್ರಕಟಣೆ ಟೆಂಡರುಗಳ, ಹೆಸರು ಬದಲಾವಣೆಗಳ ನಡುವೆ ಇರುವೆಯಂಥ ಅಕ್ಷರದಲ್ಲಿ ಬರುತ್ತದೆ. ಸಂಪಿಗೆ ರಸ್ತೆಯ ಹಿಂದಣ ಅಡ್ಡರಸ್ತೆಯವರಿಗೆ ಸಂಗತಿ ತಿಳಿಯುವುದು ಜನರೇಟರು ಬಂದು ಇಳಿದ ದಿನ.

ಮಲ್ಲೇಶ್ವರದ ಮಗ್ಗುಲಿನ ರಾಜಮಹಲ್ ವಿಲಾಸ್ ಬಡಾವಣೆಯ ನಿವಾಸಿಗಳು ಈ ವಿಷಯದಲ್ಲಿ ನಾಡಿಗೆಲ್ಲ ಉಪಕಾರ ಮಾಡಿದ್ದಾರೆ. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು, ಮುಖ್ಯಮಂತ್ರಿಯ ನಿರ್ದೇಶನದ ಮೇಲೆ ನಗರಾಭಿವೃದ್ಧಿ ಪ್ರಾಧಿಕಾರವು ಖಾಸಗಿ ಆಸ್ಪತ್ರೆ ಕಟ್ಟಲು ಟ್ರಸ್ಟೊಂದಕ್ಕೆ ಹಂಚಿದಾಗ ಅವರು ನ್ಯಾಯಾಲಯಕ್ಕೆ ಹೋದರು. ನಿಮ್ಮ ನೆಲವೇ ಅಲ್ಲವಲ್ಲ, ನೀವಾರು ಕೇಳಲಿಕ್ಕೆ ಎಂಬುದು ಎದುರು ಪಕ್ಷದ ವಾದವಾಗಿದ್ದಿತು. ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದು, 1991ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಅವರು ಗೆದ್ದರು. ಉದ್ಯಾನದ ಮೇಲೆ ಬೀದಿಯವರಿಗೆಲ್ಲ ಹಕ್ಕುಂಟೆಂಬುದು ಸ್ಥಿರವಾಯಿತು. ಗೆರೆಯನ್ನು ಅಳಿಸಿರೆಂದು ವಾದಿಸುವ ವಕೀಲನು ಒಬ್ಬನಾದರೆ, ಗೆರೆಯನ್ನು ಉಳಿಸಿರೆಂದು ವಾದಿಸಿದವನು ಇನ್ನೊಬ್ಬ. ನನ್ನ ಮಟ್ಟಿಗೆ ಇಬ್ಬರೂ ಒಂದೇ ಬೇಡಿಕೆಯನ್ನು ಮುಂದಿಟ್ಟವರು: ಸರಕಾರವು ತಾನು ಪ್ರಕಟಿಸಿದ ಮಾತಿನಂತೆ, ಪ್ರಕಟಿಸಿದ ಅವಧಿಯೊಳಗೆ ನಡೆಯಲಿ. ಗೆರೆಯನ್ನು ತನ್ನ ಕಕ್ಷಿಗಾರನೊಬ್ಬನ ಪಾಲಿಗೆ ಮಾತ್ರ ಬಾಗಿಸಿಕೊಡಿರೆಂದು ಕೇಳುವ ಮೂರನೆಯವನ ಮೇಲೆ ಊರಿನವರಿಗೆ ಅನುಮಾನವಿದ್ದರೆ ಅದು ಇರಲಿ.

ಸರಕಾರವು ಮಾಡಬೇಕಾದ ಕೆಲಸಕ್ಕೆ ಹೊಸ ಶಾಸನದ ಅಗತ್ಯವಿಲ್ಲ. 5 ವರ್ಷದ ಅವಧಿ ಕಳೆದು 69ನೆಯ ಪ್ರಕರಣದಂತೆ ಬಿದ್ದುಹೋದ ಗೊತ್ತುಪಾಡುಗಳ ಪಟ್ಟಿಯನ್ನು ಯೋಜನಾ ಪ್ರಾಧಿಕಾರವು ವಾರ್ಡುವಾರು ತಾನೇ ಪ್ರಕಟಿಸಲಿ. ಬೇಕೇಬೇಕಾದ ನೆಲಕ್ಕೆ ಅಧಿಸೂಚನೆ ಹೊರಡಿಸಿ ಹಣವನ್ನು ಠೇವಣಿಯಿಡಲಿ. ರಸ್ತೆ ಅಗಲೀಕರಣದ ಹೆಸರು ಹೇಳಿ ನಕ್ಷೆಯನ್ನು ತಡೆಹಿಡಿಯುವ ಪ್ರತಿಯೊಂದು ಹಿಂಬರಹದಲ್ಲಿಯೂ ಅಧಿಸೂಚನೆಯ ಸಂಖ್ಯೆ, ದಿನಾಂಕಗಳನ್ನು ನಮೂದಿಸುವುದು ಕಡ್ಡಾಯವಾಗಲಿ. ಮನೆಯೊಡೆಯರಾದರೂ ಎಚ್ಚರ ತಪ್ಪಬಾರದು. ಇಂದಲ್ಲ ನಾಳೆ ಹೊಸ ಮಹಾಯೋಜನೆಯ ಕರಡು ಬಂದೇ ಬರುತ್ತದೆ. ಅದಕ್ಕೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. ಆ ದಿನಗಳಲ್ಲಿ ತಮ್ಮ ಬೀದಿಯ ಹಾಳೆಯನ್ನು ತೆಗೆಸಿ ನೋಡಿ, ತಮ್ಮ ನಿವೇಶನಕ್ಕೆ ಯಾವ ಬಣ್ಣ ಬಿದ್ದಿದೆಯೆಂದು ತಿಳಿದು, ತಪ್ಪಿದ್ದರೆ ಒಂದು ಪುಟದ ಆಕ್ಷೇಪಣೆ ಬರೆದು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದರೆ, ಮುಂದೆ ಮೊಕದ್ದಮೆ ಹೂಡಬೇಕಾದಾಗ ವಕೀಲರು ಮೊದಲು ಕೇಳುವ ಕಾಗದ ಅದೇ.