ಉಳಿ ಹಿಡಿಯುವ ಕೈಗೆ ಅನ್ನ

ಮಗ ಎಂಜಿನಿಯರಾಗುತ್ತೇನೆಂದರೆ ಮನೆಯವರು ಹಿಗ್ಗುತ್ತಾರೆ. ಶಿಲ್ಪಿಯಾಗುತ್ತೇನೆಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಬೇಲೂರಿನ ಮದನಿಕೆಯರ ಮುಂದೆ ಮೈಮರೆತು ನಿಲ್ಲುವ ಜನವೇ ತಮ್ಮ ಮಕ್ಕಳು ಉಳಿಯನ್ನು ಕೈಗೆತ್ತಿಕೊಳ್ಳುವೆವೆಂದಾಗ ‘ಹೊಟ್ಟೆಗೇನು ಗತಿ?’ ಎಂದು ಕೇಳುತ್ತಾರೆ. ಇದನ್ನು ಅರಸಿಕರ ಪ್ರಶ್ನೆಯೆಂದು ತಳ್ಳಿಹಾಕುವುದು ಸಲ್ಲದು. ಮಕ್ಕಳ ಅನ್ನದ ಚಿಂತೆ ಹೆತ್ತವರಿಗಲ್ಲದೆ ಇನ್ನಾರಿಗೆ? ಆದರೆ ಉತ್ತರವನ್ನು ಅರಸುವ ಮೊದಲೇ ಬಾಗಿಲು ಮುಚ್ಚುವುದು ಮಾತ್ರ ಅನ್ಯಾಯ.

ಹಿಂದೆ ಶಿಲ್ಪವು ಕುಲವಿದ್ಯೆಯಾಗಿತ್ತು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಇವರಿಬ್ಬರ ಹೆಸರುಗಳೂ ಬೇಲೂರಿನ ಶಿಲ್ಪಗಳ ಮೇಲೆ ಇಂದಿಗೂ ಓದಲು ಸಿಗುತ್ತವೆ. ತಂದೆಯ ಕೈಯಿಂದ ಮಗನ ಕೈಗೆ ಉಳಿ ದಾಟುತ್ತಿತ್ತು. ಆ ಮನೆಯಲ್ಲಿ ಹುಟ್ಟದವನಿಗೆ, ಹುಟ್ಟಿಯೂ ಹೆಣ್ಣಾದವಳಿಗೆ ಆ ವಿದ್ಯೆ ದಕ್ಕುವುದು ವಿರಳ. ಶಾಂತಿನಿಕೇತನದಲ್ಲಿ 1919ರಲ್ಲಿ ಕಲಾಭವನ ತೆರೆದುದೂ, 1950ರಲ್ಲಿ ಬರೋಡದ ವಿಶ್ವವಿದ್ಯಾನಿಲಯ ಲಲಿತಕಲೆಗಳ ವಿಭಾಗವನ್ನು ಆರಂಭಿಸಿದುದೂ, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ನೆಲೆಗೊಂಡುದೂ ಈ ಬೇಲಿಯನ್ನು ಸಡಿಲಿಸಿದುವು. ವಿಶ್ವವಿದ್ಯಾನಿಲಯ ಶಿಲ್ಪಕಲೆಗೆ ಮಾಡಿದ ದೊಡ್ಡ ಉಪಕಾರ ಇದೇ. ಪದವಿಪತ್ರ ಆಮೇಲಿನ ಮಾತು.

ಪದವಿಪೂರ್ವ ಶಿಕ್ಷಣದ ಬಳಿಕ ಸಾಮಾನ್ಯವಾಗಿ ನಾಲ್ಕು ವರ್ಷಗಳ ವ್ಯಾಸಂಗ. ಮುಂದೆ ಓದುವವರಿಗೆ ಇನ್ನೆರಡು ವರ್ಷ. ಮೊದಲು ರೇಖಾಚಿತ್ರ, ದೇಹರಚನೆಯ ಅಭ್ಯಾಸ. ಅನಂತರ ಕಬ್ಬಿಣದ ಸರಳಿನ ಹಂದರಕ್ಕೆ ಜೇಡಿಮಣ್ಣು ಮೆತ್ತಿ ರೂಪ ತೆಗೆಯುವುದು, ಅದಕ್ಕೆ ಗಾರೆಯ ಅಚ್ಚು ತೆಗೆಯುವುದು. ಎರಕದ ಕೆಲಸ ಇನ್ನೂ ನಾಜೂಕು. ಮೇಣದ ರೂಪದ ಸುತ್ತ ಮಣ್ಣಿನ ಕವಚ ಕಟ್ಟಿ ಕಾಯಿಸಿದರೆ ಮೇಣ ಕರಗಿ ಹೊರಹರಿಯುತ್ತದೆ. ಉಳಿದ ಟೊಳ್ಳಿನೊಳಕ್ಕೆ ಕರಗಿಸಿದ ಕಂಚನ್ನು ಹೊಯ್ಯುತ್ತಾರೆ. ಕಲ್ಲಿನ ಪಾಠವೇ ಬೇರೆ. ಮಣ್ಣಿನಲ್ಲಿ ತಪ್ಪಿದರೆ ಮತ್ತೆ ಮೆತ್ತಬಹುದು. ಕಲ್ಲಿನಲ್ಲಿ ಮುರಿದ ಮೂಗು ಮರಳಿ ಬಾರದು.

ಇಷ್ಟು ಕಲಿತವರ ಮುಂದಿನ ದಾರಿಗೆ ರಾಮ್ ಸುತಾರರ ಬಾಳು ಒಂದು ನಿದರ್ಶನ. 1925ರಲ್ಲಿ ಮಹಾರಾಷ್ಟ್ರದ ಹಳ್ಳಿಯೊಂದರ ಬಡಗಿಯ ಮನೆಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು. ಮೊದಲು ದೊರೆತದ್ದು ಪುರಾತತ್ತ್ವ ಇಲಾಖೆಯ ಕೆಲಸ. ಅಜಂತ, ಎಲ್ಲೋರಗಳಲ್ಲಿ ಭಗ್ನಶಿಲ್ಪಗಳನ್ನು ಸರಿಪಡಿಸುವುದು. ಬಳಿಕ ಸರಕಾರದ ಇನ್ನೊಂದು ಇಲಾಖೆ. 1959ರ ಸುಮಾರಿಗೆ ಆ ಸಂಬಳವನ್ನೂ ಬಿಟ್ಟು ಸ್ವತಂತ್ರ ಶಿಲ್ಪಿಯಾದರು. 2018ರಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಪಟೇಲರ ಪ್ರತಿಮೆ, 2022ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ನಿಂತ 108 ಅಡಿಗಳ ಕೆಂಪೇಗೌಡರ ಪ್ರತಿಮೆ ಅವರ ಕಲ್ಪನೆಯವು. ನಡುವೆ ಕಳೆದದ್ದು ಅರವತ್ತು ವರ್ಷ! ಅಂಥ ಕೀರ್ತಿ ಎಲ್ಲರ ಪಾಲಿಗೂ ಬರುವುದಿಲ್ಲವೆಂಬುದನ್ನು ವಿದ್ಯಾರ್ಥಿ ಮೊದಲೇ ತಿಳಿದಿರುವುದು ಒಳ್ಳೆಯದು. ಶಾಲೆಯ ಚಿತ್ರಕಲಾ ಶಿಕ್ಷಕರು, ವಸ್ತುಸಂಗ್ರಹಾಲಯದ ಕುಶಲಕರ್ಮಿಗಳು, ಚಲನಚಿತ್ರದ ರಂಗಸಜ್ಜು ಮಾಡುವವರು, ಹೊಸ ಕಾರಿನ ಮಾದರಿಯನ್ನು ಮಣ್ಣಿನಲ್ಲಿ ತಿದ್ದುವವರು, ಕಂಪ್ಯೂಟರಿನಲ್ಲಿ ಆಕೃತಿಗಳನ್ನು ರಚಿಸುವವರು, ಇವರೆಲ್ಲ ಅದೇ ವಿದ್ಯೆಯಿಂದ ಬದುಕುವವರೇ. ಇವು ಸಣ್ಣ ಕೆಲಸಗಳೇನೂ ಅಲ್ಲ.

ಪದವಿಯಿಲ್ಲದೆ ಶಿಲ್ಪಿಯಾಗಲಾಗದೇ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಆಗಬಹುದು. ಅಯೋಧ್ಯೆಯಲ್ಲಿ 2024ರಲ್ಲಿ ಪ್ರತಿಷ್ಠೆಯಾದ ಬಾಲರಾಮನ ವಿಗ್ರಹವನ್ನು ಕಡೆದ ಮೈಸೂರಿನ ಅರುಣ್ ಯೋಗಿರಾಜರು ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ವ್ಯವಹಾರ ನಿರ್ವಹಣೆಯನ್ನು. ಆದರೆ ಅವರ ತಂದೆಯೂ ಅಜ್ಜನೂ ಶಿಲ್ಪಿಗಳು. ಗುರುಕುಲ ಮನೆಯಲ್ಲಿಯೇ ಇತ್ತು. ಅಂಥ ಮನೆಯಿಲ್ಲದ ಮಗುವಿಗೆ ಕಾಲೇಜೇ ಮನೆ.

ಕಾಲೇಜಿನ ಕೊರತೆಯೂ ಇಲ್ಲಿಯೇ ಇದೆ. ಗೋಡೆಗಳ ನಡುವೆ ಕಲಿತ ಕೈಗೆ ಪರಂಪರೆಯ ಪಳಗಿಕೆ ಸುಲಭವಾಗಿ ಬರುವುದಿಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ವ್ಯಾಸಂಗ ಮಾಡಿ ಬಂದ ಬಂಗಾಳದ ಮೀರಾ ಮುಖರ್ಜಿಯವರು ಇದನ್ನು ಅರಿತು, ಬಸ್ತರಿನ ಎರಕದವರ ಬಳಿ ಕುಳಿತು ಅವರ ವಿಧಾನವನ್ನು ಕಲಿತರು. ಅವರ ಕಂಚಿನ ಪ್ರತಿಮೆಗಳ ಸೊಗಸಿಗೆ ಆ ಕಲಿಕೆಯೇ ಮೂಲ. ಮೈಸೂರಿನ ವಿದ್ಯಾರ್ಥಿ ಅಷ್ಟು ದೂರ ಹೋಗಬೇಕಾಗಿಲ್ಲ. ಕುಲಶಿಲ್ಪಿಗಳ ಕಾರ್ಯಾಗಾರಗಳು ಊರಿನಲ್ಲಿಯೇ ಇವೆ. ವರ್ಷಕ್ಕೆ ಎರಡು ತಿಂಗಳಾದರೂ ಅಲ್ಲಿ ಕಲ್ಲು ಕೆತ್ತುವುದನ್ನು ಪಠ್ಯಕ್ರಮದಲ್ಲಿ ಸೇರಿಸಿ, ಕಲಿಸುವ ಆ ಹಿರಿಯರಿಗೆ ಅಧ್ಯಾಪಕರಿಗೆ ಸಲ್ಲುವ ಸಂಭಾವನೆಯನ್ನೇ ಸಲ್ಲಿಸಲು ವಿಶ್ವವಿದ್ಯಾನಿಲಯಗಳು ಮುಂದಾಗಬೇಕು.